ಆರ್‌ಸಿಯಲ್ಲಿ 98, ಬ್ಲಾಕಿನಲ್ಲಿ 132

ಬೈಕಿನ ಬಗ್ಗೆ ಒಂದು ಬರಹ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಳ್ತಾ ಇದ್ದೆ. ಆಫೀಸು, ಡೆಡ್‌ಲೈನು, ಹೆಬ್ಬಾಳದ ಟ್ರಾಫಿಕ್ಕು ಅಂತ ಮುಂದೆ ಹೋಗ್ತಾನೇ ಇತ್ತು. ಇವತ್ತು ಕೂತಿದ್ದೀನಿ. ಮೊದಲೇ ಹೇಳಿಬಿಡ್ತೀನಿ, ಇದು ಬೈಕ್ ಪ್ರೇಮದ ಬರಹ ಅಲ್ಲ, ಜಗಳದ ಬರಹ. ಜಗಳ ಬೈಕ್ ಮಾರುವವರ ಮೇಲಲ್ಲ, ಮಾಡಿಫೈ ಮಾಡುವವರ ಮೇಲೂ ಅಲ್ಲ. ಹಳೇ ಗಾಡಿ ಕೊಳ್ಳೋಕೆ ಹೋದಾಗ ನಮ್ಮ ಬಾಯಿ ಕಟ್ಟಿಹಾಕುತ್ತಲ್ಲ, ಆ ದಾಕ್ಷಿಣ್ಯದ ಮೇಲೆ :-)

ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದಾಗ ನಾವೆಲ್ಲಾ ಏನು ಮಾಡ್ತೀವಿ? ಟೈರು ಸವೆದಿದೆಯಾ ನೋಡ್ತೀವಿ, ಟ್ಯಾಂಕ್ ನೆಗ್ಗಿದೆಯಾ ಅಂತ ಸವರಿ ನೋಡ್ತೀವಿ, ಒಂದು ರೌಂಡು ಓಡಿಸ್ತೀವಿ. ಸ್ವಲ್ಪ ಬುದ್ಧಿವಂತರಾದರೆ ಆರ್‌ಸಿಯಲ್ಲಿರೋ ಇಂಜಿನ್ ನಂಬರು, ಚಾಸಿ ನಂಬರು ಗಾಡಿ ಮೇಲಿರೋದಕ್ಕೆ ತಾಳೆ ಆಗುತ್ತಾ ಅಂತ ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡ್ತೀವಿ. ತಾಳೆ ಆಯ್ತು ಅಂದ ಕೂಡಲೇ ಮನಸ್ಸು ನಿರಾಳ. ಅಲ್ಲಿಂದ ಮುಂದೆ ಬರೀ ರೇಟಿನ ಮಾತು. ಇಂಜಿನ್ ಒಳಗೆ ಏನಿದೆ ಅಂತ ಕೇಳೋರಿಲ್ಲ. ಕೇಳಿದರೂ ಉತ್ತರ ರೆಡಿ ಇರುತ್ತೆ - "ಫುಲ್ ಒರಿಜಿನಲ್ ಸಾರ್, ಇಂಜಿನ್ನಿಗೆ ಕೈ ಹಾಕಿಲ್ಲ". ಅಲ್ಲಿಗೆ ಮುಗೀತು. ಇನ್ನೂ ಕೇಳಿದರೆ ಎದುರಿಗಿರುವವನನ್ನ ಸುಳ್ಳ ಅಂದ ಹಾಗಾಗುತ್ತೆ ಅಂತ ನಮಗೆ ಸಂಕೋಚ.

ನನ್ನ ವಾದ ಇಷ್ಟೇ. ನಂಬರು ತಾಳೆ ಆದ ಮಾತ್ರಕ್ಕೆ ಇಂಜಿನ್ ತಾಳೆ ಆದ ಹಾಗಲ್ಲ. ಹಾಗಾಗಿ ಅಳೆದು ನೋಡಬೇಕು. "ಅಳೆದು ನೋಡ್ತೀನಿ" ಅನ್ನೋದು ಯಾರಿಗೂ ಮಾಡೋ ಅವಮಾನ ಅಲ್ಲ.

ಯಾಕೆ ಅಂತ ಹೇಳೋಕೆ ನಮ್ಮೂರಿನ ಅಚ್ಚುಮೆಚ್ಚಿನ ಗಾಡಿಯನ್ನೇ ತಗೊಳ್ಳೋಣ. ಯಮಹಾ ಆರ್‌ಎಕ್ಸ್ 100. 1985ರಲ್ಲಿ ಎಸ್ಕಾರ್ಟ್ಸ್ ಜೊತೆ ಸೇರಿ ಭಾರತಕ್ಕೆ ಬಂದಿದ್ದು, 1996ಕ್ಕೆ ತಯಾರಿಕೆ ನಿಂತಿತು. ಅಂದರೆ ನಾನು ಹುಟ್ಟೋ ಹೊತ್ತಿಗೆ ಈ ಗಾಡಿಯ ಕಥೆ ಮುಗಿದುಹೋಗಿತ್ತು. ಆದರೂ ಯಲಹಂಕದಿಂದ ಯಶವಂತಪುರದ ತನಕ ಯಾವ ಸಿಗ್ನಲ್‌ನಲ್ಲಿ ನಿಂತರೂ ಆ ಟಣಟಣ ಸದ್ದು ಕಿವಿಗೆ ಬೀಳುತ್ತೆ. 2015ರಲ್ಲಿ 'ಆರ್‌ಎಕ್ಸ್ ಸೂರಿ' ಅಂತ ಸಿನಿಮಾನೇ ಬಂತು. ಇನ್ನು ರೇಟು ಕೇಳಬೇಡಿ, ಚೆನ್ನಾಗಿರೋ ಗಾಡಿಗೆ ಹೊಸ ಬೈಕಿನ ಬೆಲೆ ಹೇಳ್ತಾರೆ. "ಒರಿಜಿನಲ್" ಅನ್ನೋ ಒಂದು ಪದಕ್ಕೇ ಅದರಲ್ಲಿ ಅರ್ಧ ದುಡ್ಡು.

ಈಗ ಸ್ವಲ್ಪ ಲೆಕ್ಕ. ಗಾಬರಿ ಬೇಡ, ಏಳನೇ ಕ್ಲಾಸಿನ ಲೆಕ್ಕ. ಆರ್‌ಎಕ್ಸ್ 100ರ ಸಿಲಿಂಡರಿನ ಒಳ ಅಗಲ, ಅಂದರೆ ಬೋರ್, 50 ಮಿ.ಮೀ. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, ಅಂದರೆ ಸ್ಟ್ರೋಕ್, ಅದೂ 50 ಮಿ.ಮೀ. ಸೆಂಟಿಮೀಟರಿನಲ್ಲಿ ಹಾಕಿದರೆ 5 ಗುಣಿಸು 5, ಗುಣಿಸು 0.785, ಮತ್ತೆ ಗುಣಿಸು 5. ಬರೋದು 98 ಸಿಸಿ. ಆಮೇಲೆ ಇದೇ ಮನೆತನದಲ್ಲಿ ಬಂದ ಆರ್‌ಎಕ್ಸ್ 135 ಇದೆಯಲ್ಲ, ಅದರ ಬೋರ್ 58, ಸ್ಟ್ರೋಕ್ ಅದೇ 50. ಲೆಕ್ಕ ಹಾಕಿ, 132 ಸಿಸಿ.

ಗಮನಿಸಿದಿರಾ? ಸ್ಟ್ರೋಕ್ ಎರಡಕ್ಕೂ ಒಂದೇ. ಹಾಗಾಗಿ ಒಂದರ ಕ್ರ್ಯಾಂಕ್‌ಕೇಸ್ ಮೇಲೆ ಇನ್ನೊಂದರ ಬ್ಲಾಕ್ ಕೂರಿಸೋದು ಪಳಗಿದ ಕೈಗೆ ಮತ್ತು ಒಂದು ಲೇತ್ ಅಂಗಡಿಗೆ ದೊಡ್ಡ ವಿಷಯವೇ ಅಲ್ಲ. ಇಂಜಿನ್ ನಂಬರು ಕೊರೆದಿರೋದು ಕೆಳಗಿನ ಕ್ರ್ಯಾಂಕ್‌ಕೇಸಿನ ಮೇಲೆ. ಸಿಸಿ ಇರೋದು ಮೇಲಿನ ಬ್ಲಾಕಿನಲ್ಲಿ. ಬ್ಲಾಕಿನ ಮೇಲೆ ಆರ್‌ಸಿಗೆ ಸಂಬಂಧಪಟ್ಟ ಯಾವ ನಂಬರೂ ಇರೋದಿಲ್ಲ. ಆರ್‌ಸಿ 98 ಅನ್ನುತ್ತೆ, ನಂಬರು ಪಕ್ಕಾ ತಾಳೆ ಆಗುತ್ತೆ, ಒಳಗೆ 132 ಕೂತಿರುತ್ತೆ. ನೀವು ಟಾರ್ಚ್ ಹಾಕಿ ಬಗ್ಗಿ ನೋಡಿದ್ದು ಮನೆ ನಂಬರು ಮಾತ್ರ, ಒಳಗೆ ಯಾರು ವಾಸ ಇದ್ದಾರೆ ಅಂತ ನೋಡಲೇ ಇಲ್ಲ.

ಆರ್‌ಟಿಓ ನೋಡಲ್ವಾ ಅಂತ ನೀವು ಕೇಳಬಹುದು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ - ನಮ್ಮ ಬಾಯಲ್ಲಿ ಎಫ್‌ಸಿ. ಕೆಎ 04ರ ಯಶವಂತಪುರವಾಗಲಿ, ಕೆಎ 50ರ ಯಲಹಂಕವಾಗಲಿ, ಅಲ್ಲಿ ನೋಡೋದು ನಂಬರು, ಲೈಟು, ಬ್ರೇಕು, ಕಾಗದ ಪತ್ರ. ಹೆಡ್ ಬಿಚ್ಚಿ ಬೋರ್ ಅಳೆಯೋ ಪದ್ಧತಿ ಇಲ್ಲ. ಹೊಗೆ ತಪಾಸಣೆಯೂ ಅಷ್ಟೇ. ಬೈಕ್ ನಿಂತಲ್ಲೇ ಐಡಲ್‌ನಲ್ಲಿ ಓಡುವಾಗ ಸೈಲೆನ್ಸರಿಗೆ ಕೊಳವೆ ಇಟ್ಟು ನೋಡ್ತಾರೆ. ಏಳೆಂಟು ಸಾವಿರ ಆರ್‌ಪಿಎಂನಲ್ಲಿ ಒಳಗೆ ಏನಾಗ್ತಿದೆ ಅಂತ ಆ ಚೀಟಿ ಹೇಳೋದಿಲ್ಲ. ಅಂದರೆ ಸರ್ಕಾರ ಕೊಡೋ ಎರಡೂ ಕಾಗದ ಸತ್ಯವನ್ನೇ ಹೇಳ್ತಿರಬಹುದು, ಆದರೆ ನಿಮಗೆ ಬೇಕಾದ ಸತ್ಯ ಅದರಲ್ಲಿ ಇಲ್ಲ.

ಕಳೆದ ವರ್ಷ ನಡೆದದ್ದು ಹೇಳ್ತೀನಿ. ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನಿಗೆ ಆರ್‌ಎಕ್ಸ್ ಹುಚ್ಚು. ತನಗಲ್ಲ, ಯಲಹಂಕದ ಕಡೆ ಕಾಲೇಜಿಗೆ ಹೋಗೋ ತಮ್ಮನಿಗೆ. ಆರ್.ಟಿ. ನಗರದ ಒಂದು ಅಡ್ಡರಸ್ತೆಯಲ್ಲಿ ಗಾಡಿ ಇದೆ ಅಂತ ಗೊತ್ತಾಯ್ತು. ಮತ್ತಿಕೆರೆಯಲ್ಲಿ ನನ್ನ ಗಾಡಿ ನೋಡಿಕೊಳ್ಳೋ ಮೆಕ್ಯಾನಿಕ್ ಅಣ್ಣನನ್ನೂ ಕರಕೊಂಡು ಹೋದ್ವಿ. ಗಾಡಿ ಕಣ್ಣಿಗೆ ಹಬ್ಬ. ನಂಬರು ತಾಳೆ. ಗೇರು ಎಣಿಸಿದ್ವಿ, ನಾಲ್ಕೇ ಇತ್ತು. ಆರ್‌ಎಕ್ಸ್ 100ರಲ್ಲಿ ಐದನೇ ಗೇರ್ ಬಿದ್ದರೆ ಅಲ್ಲಿಗೇ ಕೈಮುಗಿದು ಬರಬಹುದು, ಗೇರ್‌ಬಾಕ್ಸ್ ಬೇರೆ ಗಾಡಿಯದು ಅಂತ ಅರ್ಥ. ಓಡಿಸಿದ್ರೆ ಬಾಣ. ಸಹೋದ್ಯೋಗಿ ಆಗಲೇ ಫೋನ್‌ಪೇ ತೆಗೀತಿದ್ದ.

ಅಣ್ಣ ಮಾತ್ರ ಸುಮ್ಮನೆ ನಿಂತಿದ್ರು. ಆಮೇಲೆ ಮಾಲೀಕರಿಗೆ "ಸಾರ್, ಇಂಜಿನ್ ತಣ್ಣಗಾದ ಮೇಲೆ ಹೆಡ್ ಒಂದು ಬಿಚ್ಚಿ ನೋಡ್ತೀನಿ, ಗ್ಯಾಸ್ಕೆಟ್ ಹೊಸದು ನಾವೇ ಹಾಕ್ತೀವಿ" ಅಂದ್ರು. ಅವರ ಮುಖ ಸಣ್ಣಗಾಯ್ತು. "ಇಂಜಿನ್ನಿಗೆ ಕೈ ಹಾಕಿಲ್ಲ ಅಂತ ಹೇಳಿದ್ನಲ್ಲ ಸಾರ್" ಅಂದ್ರು. ಅದಕ್ಕೆ ಅಣ್ಣ, "ಮೂವತ್ತು ವರ್ಷದ ಟೂ ಸ್ಟ್ರೋಕ್ ಗಾಡಿಗೆ ಯಾರೂ ಕೈ ಹಾಕಿಲ್ಲ ಅಂದ್ರೆ ಅದು ಇಷ್ಟು ಹೊತ್ತಿಗೆ ಗುಜರಿಯಲ್ಲಿರಬೇಕಿತ್ತು ಸಾರ್. ಯಾರೋ ಕೈ ಹಾಕಿದ್ದಾರೆ, ಯಾವ ಥರ ಹಾಕಿದ್ದಾರೆ ಅಂತ ನೋಡೋಣ ಅಷ್ಟೇ" ಅಂದ್ರು. ಸಿಟ್ಟಿಲ್ಲ, ಅನುಮಾನದ ದನಿ ಇಲ್ಲ. ಡಾಕ್ಟರು ಬಿಪಿ ನೋಡೋಣ ಅಂದ ಹಾಗೆ.

ಒಪ್ಪಿದ್ರು. ಪ್ಲಗ್ ತೆಗೆದು, ನಾಲ್ಕು ನಟ್ಟು ಬಿಚ್ಚಿ ಹೆಡ್ ಎತ್ತಿ, ಬೋರಿಗೆ ವರ್ನಿಯರ್ ಇಟ್ರೆ 58.5. ನೂರರ ಗಾಡಿಯಲ್ಲಿ ನೂರಮೂವತ್ತೈದರ ಬ್ಲಾಕು, ಅದೂ ಒಮ್ಮೆ ರಿಬೋರ್ ಆಗಿದ್ದು.

ನನಗೆ ಈಗಲೂ ನೆನಪಿರೋದು ಆ ಅಳತೆ ಅಲ್ಲ, ಮಾಲೀಕರ ಮುಖ. ನಟನೆ ಅಲ್ಲ, ನಿಜಕ್ಕೂ ಅವರಿಗೆ ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟರು. "ನನಗೆ ಕೊಟ್ಟವನೂ ಒರಿಜಿನಲ್ ಅಂತಲೇ ಕೊಟ್ಟ ಸಾರ್, ನಾನು ಆ ರೇಟೇ ಕೊಟ್ಟೆ" ಅಂದ್ರು. ಆರ್‌ಸಿ ಪ್ರಕಾರ ಅವರು ನಾಲ್ಕನೇ ಮಾಲೀಕರು. ಆಮೇಲೆ ನಮ್ಮನ್ನ ಬಿಟ್ಟು ಅಣ್ಣನ ಹತ್ತಿರ, ಒರಿಜಿನಲ್ ಬ್ಲಾಕ್ ಎಲ್ಲಾದರೂ ಸಿಗುತ್ತಾ ಅಂತ ವಿಚಾರಿಸೋಕೆ ಶುರು ಮಾಡಿದ್ರು. ನಾವು ಟೀ ಕುಡಿದು ವಾಪಸ್ ಬಂದ್ವಿ.

ಅಲ್ಲಿ ಸುಳ್ಳು ಇತ್ತು, ಸುಳ್ಳುಗಾರ ಇರಲಿಲ್ಲ. ಮೊದಲನೆಯವನೋ ಎರಡನೆಯವನೋ ಬ್ಲಾಕ್ ಬದಲಾಯಿಸಿದ, ತನಗೆ ಗೊತ್ತಿತ್ತು, ಮುಂದಿನವನಿಗೆ ಹೇಳಲಿಲ್ಲ. ಮುಂದಿನವನು ಕೇಳಲಿಲ್ಲ. ಅಲ್ಲಿಂದ ಮುಂದೆ ಎಲ್ಲರೂ ಪ್ರಾಮಾಣಿಕವಾಗಿಯೇ ಸುಳ್ಳು ಹೇಳಿದ್ರು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದು ಚೆನ್ನಾಗಿ ಗೊತ್ತಿರೋ ಕಾಯಿಲೆ. ಕೋಡ್ ಬದಲಾಯಿಸಿದವನು ಕೆಲಸ ಬಿಟ್ಟು ಹೋಗಿರ್ತಾನೆ, ಎಲ್ಲೂ ಬರೆದಿಟ್ಟಿರಲ್ಲ, ಎರಡು ವರ್ಷ ಆದ ಮೇಲೆ ಬಂದವನು "ಇದು ಮೊದಲಿಂದ ಹೀಗೇ ಇದೆ" ಅಂತ ಆಣೆ ಮಾಡಿ ಹೇಳ್ತಾನೆ. ಅವನನ್ನ ನಂಬಬಾರದು ಅಂತಲ್ಲ, ಅವನಿಗೇ ಗೊತ್ತಿಲ್ಲ ಅಂತ. ಅದಕ್ಕೇ ಹೇಳಿದ್ದು, ಪರೀಕ್ಷೆ ಮಾಡೋದು ಎದುರಿಗಿರುವವನ ಪ್ರಾಮಾಣಿಕತೆಯನ್ನಲ್ಲ, ಗಾಡಿಯನ್ನ.

"ಅಯ್ಯೋ ಹೋಗ್ಲಿ ಬಿಡಿ, 132 ಇದ್ರೆ ಇನ್ನೂ ಒಳ್ಳೇದಲ್ವಾ, ಪಿಕಪ್ ಜಾಸ್ತಿ" ಅನ್ನೋರಿದ್ದಾರೆ. ಕಂಪನಿಯೇ 135 ಮಾಡಿ ಮಾರಿತ್ತಲ್ಲ ಅಂತಲೂ ಕೇಳ್ತಾರೆ. ಮಾಡಿತ್ತು. ಅದಕ್ಕೆ ತಕ್ಕ ಕ್ರ್ಯಾಂಕು, ಕಾರ್ಬುರೇಟರು ಕೂರಿಸಿ ಮಾಡಿತ್ತು. 50ರ ಪಿಸ್ಟನ್ನಿಗೆ ಅಂತ ಬ್ಯಾಲೆನ್ಸ್ ಮಾಡಿದ ಕ್ರ್ಯಾಂಕಿನ ಮೇಲೆ 58ರ ಭಾರದ ಪಿಸ್ಟನ್ ಕುಣಿದರೆ ನಡುಕ ಜಾಸ್ತಿ, ಬೇರಿಂಗ್ ಬೇಗ ಹೋಗುತ್ತೆ. ಟೂ ಸ್ಟ್ರೋಕ್ ಇಂಜಿನ್ ಬಿಸಿಯಾಗಿ ಪಿಸ್ಟನ್ ಹಿಡಿದುಕೊಂಡರೆ ಹಿಂದಿನ ಚಕ್ರ ಅಲ್ಲೇ ಲಾಕ್. ಅದು ಮನೆ ಮುಂದಿನ ಅಡ್ಡರಸ್ತೆಯಲ್ಲಿ ಆದರೆ ಮೊಣಕಾಲು ತರಚುತ್ತೆ. ಹೆಬ್ಬಾಳ ಫ್ಲೈಓವರ್ ಇಳಿದು ಬಳ್ಳಾರಿ ರಸ್ತೆಯಲ್ಲಿ, ಹಿಂದೆ ಏರ್‌ಪೋರ್ಟ್ ಟ್ಯಾಕ್ಸಿಗಳ ಸಾಲು ಇರುವಾಗ ಆದರೆ? ಆ ಹುಡುಗ ಕ್ಲಚ್ ಹಿಡಿಯೋಕೆ ಸಿಗೋದು ಒಂದು ಕ್ಷಣ. ತನ್ನ ಕೈಯಲ್ಲಿ ಯಾವ ಇಂಜಿನ್ ಇದೆ ಅನ್ನೋದೇ ಅವನಿಗೆ ಗೊತ್ತಿರಲ್ಲ. ಬ್ರೇಕು ಮೂವತ್ತು ವರ್ಷದ ಹಿಂದಿನ ಡ್ರಮ್ಮು.

ಎರಡನೇದು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತೆ, ತಯಾರಕರು ನಿಗದಿ ಮಾಡಿದ ವಿವರಕ್ಕೂ ಆರ್‌ಸಿಯಲ್ಲಿರೋ ವಿವರಕ್ಕೂ ಹೊಂದದ ಹಾಗೆ ಗಾಡಿಯನ್ನ ಬದಲಾಯಿಸುವಂತಿಲ್ಲ ಅಂತ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಒಂದು ಕೇಸಿನಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಅಂತ ಸೇರಿತು. ರಸ್ತೆಯಲ್ಲಿ ಗಾಡಿ ಹಿಡಿದಾಗ ಪೊಲೀಸರು ಕೇಳೋದು ಹತ್ತು ವರ್ಷದ ಹಿಂದೆ ಬ್ಲಾಕ್ ಹಾಕಿಸಿದವನನ್ನಲ್ಲ, ಈಗ ಹ್ಯಾಂಡಲ್ ಹಿಡಿದಿರುವವನನ್ನ. "ನಾನು ಮಾಡಿಸಿದ್ದಲ್ಲ ಸಾರ್" ಅನ್ನೋದಕ್ಕೆ ನಿಮ್ಮ ಹತ್ತಿರ ಏನು ಸಾಕ್ಷಿ ಇದೆ?

ಮೂರನೇದು ಇನ್ಶೂರೆನ್ಸ್. ಇಲ್ಲಿ ಬುಲೆಟ್ ಉದಾಹರಣೆ ಚೆನ್ನಾಗಿದೆ. ಹಳೇ ಬುಲೆಟ್ 350ರ ಬೋರ್ 70, ಸ್ಟ್ರೋಕ್ 90, ಅಂದರೆ 346 ಸಿಸಿ. 500ರ ಬೋರ್ 84, ಸ್ಟ್ರೋಕ್ ಮತ್ತದೇ 90. ಅದೇ ಆಟ ನೋಡಿ! ಥರ್ಡ್ ಪಾರ್ಟಿ ಪ್ರೀಮಿಯಂ ಹಾಕೋದು ಸಿಸಿ ಲೆಕ್ಕದಲ್ಲಿ. 2022ರಲ್ಲಿ ನಿಗದಿಯಾದ ದರದ ಪ್ರಕಾರ 150ರಿಂದ 350 ಸಿಸಿವರೆಗೆ ವರ್ಷಕ್ಕೆ 1,366 ರೂಪಾಯಿ, 350 ದಾಟಿದರೆ 2,804. ಆರ್‌ಸಿಯಲ್ಲಿ 346 ಅಂತಿರೋ ಗಾಡಿ ಒಳಗೆ 500 ಇದ್ದು, ಅದಕ್ಕೆ ನೀವು ಕ್ಲೇಮ್ ಹಾಕಿದರೆ ಸರ್ವೇಯರ್‌ಗೆ ಅಡ್ಡಗಾಲು ಹಾಕೋಕೆ ನೀವೇ ಕಾರಣ ಕೊಟ್ಟ ಹಾಗೆ.

ಸರಿ, ಹಾಗಾದ್ರೆ ಏನು ಮಾಡಬೇಕು? ನಾನು ಈಗ ಯಾರಾದರೂ ಗಾಡಿ ನೋಡೋಕೆ ಕರೆದರೆ ಮಾಡೋದು ಇಷ್ಟು.

1. ಹೋಗೋ ಮೊದಲು ಫೋನಿನಲ್ಲೇ ಹೇಳಿಬಿಡ್ತೀನಿ, "ಮೆಕ್ಯಾನಿಕ್ ಬರ್ತಾರೆ, ಒಳಗೆ ನೋಡ್ತಾರೆ, ಖರ್ಚು ನಮ್ಮದು" ಅಂತ. ಅಲ್ಲಿ ಹೋಗಿ ನಿಂತು ಹೇಳಿದ್ರೆ ಅನುಮಾನ, ಮೊದಲೇ ಹೇಳಿದ್ರೆ ಪದ್ಧತಿ. ಇಂಜಿನ್ ಬಿಸಿ ಮಾಡಿಡಬೇಡಿ ಅಂತಲೂ ಹೇಳ್ತೀನಿ. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಆಗೋ ರೀತಿಯಲ್ಲೇ ಅರ್ಧ ಜಾತಕ ಗೊತ್ತಾಗುತ್ತೆ.

2. ಹಳೇ ಗಾಡಿಯಾದರೆ ಆರ್‌ಟಿಓದಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ ಅಂತೀನಿ. ಆರ್‌ಸಿ ಕಾರ್ಡಿಗಿಂತ ಅದರಲ್ಲಿ ಗಾಡಿಯ ಚರಿತ್ರೆ ಚೆನ್ನಾಗಿ ಸಿಗುತ್ತೆ. ಕ್ರ್ಯಾಂಕ್‌ಕೇಸಿನ ನಂಬರಿನ ಸುತ್ತ ಉಜ್ಜಿದ ಗುರುತು, ಅಂಕಿಗಳು ಸೊಟ್ಟಪಟ್ಟ, ಅಷ್ಟು ಜಾಗಕ್ಕೆ ಮಾತ್ರ ಹೊಸ ಪೇಂಟು - ಇಂಥದ್ದು ಕಂಡರೆ ಮುಂದಿನ ಪರೀಕ್ಷೆಯೇ ಬೇಡ, ಮನೆಗೆ ಹೋಗೋಣ.

3. ಟೂ ಸ್ಟ್ರೋಕ್ ಆದರೆ ಹೆಡ್ ಬಿಚ್ಚಿ ಬೋರ್ ಅಳೆಯೋದೇ ಸರಿ. ಪ್ಲಗ್ ತೂತಿನಿಂದ ಕಡ್ಡಿ ಇಳಿಸಿ ಸ್ಟ್ರೋಕ್ ಅಳೆದು ಪ್ರಯೋಜನ ಇಲ್ಲ, ಅದು ಎರಡರಲ್ಲೂ 50 ಅಂತ ಆಗಲೇ ನೋಡಿದ್ವಿ. ಅಳತೆ 50.25, 50.50, 50.75, 51 ಬಂದರೆ ಗಾಬರಿ ಬೇಡ. ಸವೆದ ಸಿಲಿಂಡರನ್ನ ರಿಬೋರ್ ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕೋದು ರಿಪೇರಿ, ಮಾಡಿಫಿಕೇಶನ್ ಅಲ್ಲ. 51ಕ್ಕೂ ಲೆಕ್ಕ ಹಾಕಿದ್ರೆ 102 ಸಿಸಿ ಅಷ್ಟೇ. 51 ಅಂದರೆ ಇನ್ನು ಮುಂದೆ ಜಾಗ ಇಲ್ಲ, ಸ್ಲೀವ್ ಹಾಕಿಸಬೇಕು ಅಂತ ಅರ್ಥ, ಅದಕ್ಕೆ ತಕ್ಕ ಹಾಗೆ ರೇಟ್ ಇಳಿಸಿ. ಪೋರ್ಟುಗಳ ಅಂಚಿಗೆ ಬೆರಳು ಸವರಿ. ಫೈಲ್ ಹಾಕಿ ಅಗಲ ಮಾಡಿದ್ದರೆ ಕೈಗೇ ಗೊತ್ತಾಗುತ್ತೆ.

4. ಫೋರ್ ಸ್ಟ್ರೋಕ್ ಗಾಡಿಯ ಹೆಡ್ ಬಿಚ್ಚಿ ಅಂತ ಕೇಳೋದು ನ್ಯಾಯ ಅಲ್ಲ, ಟೈಮಿಂಗ್ ಚೈನು, ವಾಲ್ವು ಅಂತ ದಿನದ ಕೆಲಸ. ಅದಕ್ಕೆ ಕಂಪ್ರೆಷನ್ ಗೇಜ್ ಇದೆ, ಮೊಬೈಲಿಗೆ ಸಿಕ್ಕಿಸೋ ಸಣ್ಣ ಕ್ಯಾಮೆರಾ ವೈರ್ ಇದೆ. ಪ್ಲಗ್ ತೂತಿನಿಂದ ಇಳಿಸಿದರೆ ಪಿಸ್ಟನ್ನಿನ ತಲೆ, ಅದರ ಮೇಲೆ ಕೊರೆದಿರೋ ಅಳತೆ ಎಷ್ಟೋ ಸಲ ಕಾಣುತ್ತೆ. ಬ್ಲಾಕಿನ ಜೋಡಣೆಯಲ್ಲಿ ಹೊಸ ಸೀಲೆಂಟ್, ಮೂಲೆ ಸವೆದ ನಟ್ಟು ಇದ್ದರೆ ಬಿಚ್ಚಿದ್ದಾರೆ ಅಂತ. ಯಾಕೆ ಬಿಚ್ಚಿದ್ರಿ, ಬಿಲ್ ಇದೆಯಾ ಅಂತ ಕೇಳಿ.

5. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದ ಮೇಲಿನ ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳದ್ದು ಇನ್ನೊಂದು ಕಥೆ. ಇಲ್ಲಿ ಸ್ಪ್ಯಾನರೇ ಬೇಡ, ಲ್ಯಾಪ್‌ಟಾಪ್ ಸಾಕು. ಇಸಿಯು ರೀಮ್ಯಾಪ್ ಮಾಡಿಸಿ, ಎರಡು ವರ್ಷ ಹಿಂಡಿ, ಮಾರೋ ಹಿಂದಿನ ದಿನ ಹಳೇ ಮ್ಯಾಪ್ ವಾಪಸ್ ಹಾಕಿದರೆ ಕಣ್ಣಿಗೆ ಏನೂ ಕಾಣಲ್ಲ. ಸೀಟ್ ತೆಗೆದು ವೈರಿಂಗ್ ನೋಡಿ. ಕತ್ತರಿಸಿ ಟೇಪ್ ಸುತ್ತಿದ ಜಾಗ, ಸೈಲೆನ್ಸರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದಿರೋದು, ಆಕ್ಸಿಜನ್ ಸೆನ್ಸರ್ ಜಾಗದಲ್ಲಿ ಮುಚ್ಚಳ - ಇವು ಬಿಟ್ಟುಹೋದ ಹೆಜ್ಜೆ ಗುರುತು.

ಇಷ್ಟೆಲ್ಲಾ ಆದ ಮೇಲೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು ಕೊನೇದು. ಸೇಲ್ ಲೆಟರಿನಲ್ಲಿ ಎರಡು ಸಾಲು ಜಾಸ್ತಿ ಬರೆಸಿ. "ಇಂಥ ದಿನ ಬೋರ್ ಅಳೆದಾಗ ಇಷ್ಟಿತ್ತು, ಇಂಥ ಇಂಥ ಭಾಗ ಬದಲಾಗಿದೆ" ಅಂತ. ಕೊಡುವವರು, ತಗೊಳ್ಳುವವರು ಇಬ್ಬರೂ ಸಹಿ ಹಾಕಿ. ಈಗ ಎಲ್ಲಾ ಸೇಲ್ ಲೆಟರಿನಲ್ಲೂ "ಇದ್ದ ಸ್ಥಿತಿಯಲ್ಲಿ ಮಾರಿದ್ದೇನೆ" ಅಂತ ಇರುತ್ತೆ. ಇದ್ದ ಸ್ಥಿತಿ ಏನು ಅಂತ ಮಾತ್ರ ಯಾರೂ ಬರೆಯಲ್ಲ. ಆ ಎರಡು ಸಾಲು ಇದ್ದಿದ್ದರೆ ಆರ್.ಟಿ. ನಗರದ ಆ ಮಾಲೀಕರು ಮೆಟ್ಟಿಲ ಮೇಲೆ ಕೂರಬೇಕಿರಲಿಲ್ಲ.

ಮಾಡಿಫೈ ಮಾಡುವವರೆಲ್ಲ ಕಳ್ಳರು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಟೂ ಸ್ಟ್ರೋಕ್ ಇಂಜಿನ್ನಿನಿಂದ ಇನ್ನೆರಡು ಕುದುರೆ ಶಕ್ತಿ ಹಿಂಡೋ ಕೈಗಳ ಬಗ್ಗೆ ನನಗೆ ನಿಜಕ್ಕೂ ಗೌರವ ಇದೆ. ಕಾಲೇಜಿನಲ್ಲಿ ನಾಲ್ಕು ವರ್ಷ ಕೂತು ಕಲಿಯದ ಇಂಜಿನಿಯರಿಂಗು ಆ ಗ್ಯಾರೇಜುಗಳಲ್ಲಿದೆ. ಆದರೆ ಅದಕ್ಕೆ ರೇಸ್ ಟ್ರ್ಯಾಕ್ ಇದೆ. ರಸ್ತೆಗೆ ಇಳಿಸಬೇಕಾದರೆ ಆರ್‌ಟಿಓ ಒಪ್ಪೋ ಬದಲಾವಣೆ ಮಾತ್ರ, ಅದೂ ಆರ್‌ಸಿಯಲ್ಲಿ ಬರೆಸಿ. ಮುಂದಿನವನಿಗೆ ದಾಟಿಸುವಾಗ ಬಾಯಿ ಬಿಟ್ಟು ಹೇಳಿ. ಹೇಳಿದ್ರೆ ರೇಟ್ ಕಮ್ಮಿ ಆಗುತ್ತೆ ಅಂತ ಭಯ ಸಹಜ. ಹೇಳದೆ ಉಳಿಸಿದ ಆ ಹತ್ತಿಪ್ಪತ್ತು ಸಾವಿರವನ್ನ ಯಾರೋ ಒಬ್ಬ ಕಾಲೇಜು ಹುಡುಗ ಬಳ್ಳಾರಿ ರಸ್ತೆಯಲ್ಲಿ ಕಟ್ಟಬೇಕಾಗಿ ಬರಬಹುದು ಅನ್ನೋದೂ ನೆನಪಿರಲಿ.

ನಮ್ಮಲ್ಲಿ ಒಂದು ಸೀರೆ ಕೊಳ್ಳೋಕೆ ಇಪ್ಪತ್ತು ಸೀರೆ ಬಿಚ್ಚಿಸ್ತೀವಿ, ಕಲ್ಲಂಗಡಿ ತಗೊಳ್ಳುವಾಗ ಒಂದು ತುಂಡು ಕೊಯ್ದು ತೋರಿಸಪ್ಪ ಅಂತೀವಿ. ಅಂಗಡಿಯವನಿಗೆ ಬೇಜಾರಾಗಲ್ಲ, ನಮಗೂ ನಾಚಿಕೆ ಆಗಲ್ಲ. ಲಕ್ಷ ರೂಪಾಯಿ ಕೊಟ್ಟು, ಮನೆಮಕ್ಕಳ ಕಾಲ ಕೆಳಗೆ ಇಡೋ ಇಂಜಿನ್ನಿಗೆ ಮಾತ್ರ ಯಾಕೆ ಈ ದಾಕ್ಷಿಣ್ಯ?

ನಿಮ್ಮ ಕಡೆ ಹಳೇ ಗಾಡಿ ನೋಡೋಕೆ ಹೋದಾಗ ಏನೇನು ಪರೀಕ್ಷೆ ಮಾಡ್ತೀರಿ, ನನಗೆ ಗೊತ್ತಿಲ್ಲದ್ದು ಇದ್ದರೆ ತಿಳಿಸಿ. ಮತ್ತೆ, ವರ್ನಿಯರ್ ಕ್ಯಾಲಿಪರ್ ಒಂದು ಮನೆಯಲ್ಲಿಟ್ಟುಕೊಳ್ಳಿ. ಇಂಜಿನಿಯರಿಂಗ್ ಓದಿದವರ ಮನೆಯ ಅಟ್ಟದಲ್ಲಿ ಫಸ್ಟ್ ಇಯರ್ ವರ್ಕ್‌ಶಾಪಿನದ್ದು ಒಂದು ಇದ್ದೇ ಇರುತ್ತೆ, ಹುಡುಕಿ :-)